ಕುಣಿಯುವ ಮಗುವಿಗೆ ನೆಲ ಹದಮಾಡೋಣ

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತನ್ನ ಕೊರತೆಯನ್ನು ಮರೆಮಾಚಲು ಬೇರೊಂದರ ಮೇಲೆ ತಪ್ಪು ಹೊರಿಸುವವರನ್ನು ಕುರಿತು ಹಿರಿಯರು ಆಡಿದ ಮಾತಿದು. ಮಾತೇನೋ ನಿಜವೇ. ಆದರೆ ಚೆನ್ನಾಗಿ ಕುಣಿಯಬಲ್ಲ ಮಗುವೊಂದಿದ್ದು, ಅದರ ಕಾಲ ಕೆಳಗಿನ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಆ ಮಗುವಿನ ಗತಿಯೇನು? ಈ ಪ್ರಶ್ನೆಯನ್ನು ಗಾದೆ ಕೇಳಲಿಲ್ಲ, ನಾವಾದರೂ ಕೇಳಬೇಕಾಗಿದೆ.

ದೇವನಕೊಂಡ, ಆಲೂರು, ಹೊಳಗುಂದ, ಆದೋನಿಗಳ ಈ ನಮ್ಮ ಸೀಮೆ ಬರದ ಸೀಮೆಯೆಂದು ಹೆಸರಾದದ್ದು. ಮಳೆಯನ್ನು ನಂಬಿದ ಶೇಂಗಾ, ಹತ್ತಿ, ನವಣೆಗಳ ಬೇಸಾಯ. ಆದರೆ ಕುಣಿತಕ್ಕೆ ಇಲ್ಲಿ ಎಂದೂ ಬರವಿಲ್ಲ. ಕೋಲಾಟ, ಭಜನೆಯ ಹೆಜ್ಜೆ, ಬಯಲಾಟ, ತಾಂಡಾಗಳ ಹಬ್ಬದ ಕುಣಿತ ಇವೆಲ್ಲ ಮಕ್ಕಳ ಕಣ್ಣೆದುರಿಗೇ ನಡೆಯುತ್ತವೆ. ಶಾಲಾ ವಾರ್ಷಿಕೋತ್ಸವದ ದಿನ ಹುಡುಗಿಯೊಬ್ಬಳು ತಾಳ ತಪ್ಪದೆ ಹೆಜ್ಜೆ ಹಾಕಿದರೆ ಊರಿಗೆ ಊರೇ ಚಪ್ಪಾಳೆ ತಟ್ಟುತ್ತದೆ. ಮಾರನೆಯ ದಿನ ಅದೇ ಹುಡುಗಿ ‘ನಾನು ನೃತ್ಯ ಕಲಿಯುತ್ತೇನೆ, ಅದಕ್ಕಾಗಿಯೇ ಇರುವ ಶಾಲೆಗೆ ಸೇರುತ್ತೇನೆ’ ಎಂದರೆ ಮಾತ್ರ ಚಪ್ಪಾಳೆ ತಟ್ಟಿದ ಕೈಗಳೇ ಬೇಡವೆಂದು ಅಲ್ಲಾಡುತ್ತವೆ. ‘ಕುಣಿದರೆ ಹೊಟ್ಟೆ ತುಂಬುತ್ತದೆಯೇ?’ ಎಂಬ ಮಾತು ಎಲ್ಲ ಮನೆಗಳಲ್ಲೂ ಸಿದ್ಧವಾಗಿದೆ.

ಈ ಮಾತನ್ನಾಡುವ ತಂದೆತಾಯಿಗಳನ್ನು ನಾವು ಹಳಿಯುವುದಿಲ್ಲ. ಎರಡು ಎಕರೆ ಒಣಭೂಮಿಯನ್ನು ನಂಬಿದವರಿಗೆ, ಸುಗ್ಗಿ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುವವರಿಗೆ ಹೊಟ್ಟೆಯ ಪ್ರಶ್ನೆ ಮೊದಲನೆಯದಾಗಿರುವುದು ಸಹಜ. ಆದರೂ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಗಣಿತದಲ್ಲಿ ಚುರುಕಾದ ಮಗುವಿಗೆ ದೀಪದ ಎಣ್ಣೆಯನ್ನೂ ಪುಸ್ತಕದ ಹಣವನ್ನೂ ಹೇಗೆ ಹೊಂದಿಸುತ್ತೇವೆಯೋ, ಹಾಗೆಯೇ ತಾಳದಲ್ಲಿ ಚುರುಕಾದ ಮಗುವಿಗೆ ಒಂದು ತಾಸು ಬಿಡುವು, ಒಂದು ಬಸ್ಸಿನ ಚಾರ್ಜು, ಒಂದು ನಿಜವಾದ ಮಾತು ಇಷ್ಟನ್ನು ಒದಗಿಸುವುದು ಮನೆಯ, ಶಾಲೆಯ, ಊರಿನ ಕರ್ತವ್ಯ. ಮಗುವಿನ ಪರವಾಗಿ ನಾವು ಕುಣಿಯಲಾರೆವು. ನೆಲವನ್ನು ಮಾತ್ರ ಹದಮಾಡಿ ಕೊಡಬಲ್ಲೆವು.

ನೆಲದ ಮೊದಲನೆಯ ಡೊಂಕು ನಾಚಿಕೆ. ಹಣವಿಲ್ಲದ್ದಕ್ಕಿಂತ ಮಾನಕ್ಕೆ ಅಂಜಿ ಬೇಡವೆನ್ನುವವರೇ ಹೆಚ್ಚು. ಇದಕ್ಕೆ ನಮ್ಮ ಸೀಮೆಯಲ್ಲಿ ಕಾರಣವೂ ಉಂಟು. ಬಳ್ಳಾರಿ, ಆದೋನಿಗಳ ಕಡೆ ಹೆಣ್ಣುಮಕ್ಕಳನ್ನು ಬಸವಿ ಬಿಡುವ ಕೆಟ್ಟ ಪದ್ಧತಿ ಬಹುಕಾಲ ನಡೆಯಿತು. ಕುಣಿಯುವ ಹೆಣ್ಣೆಂದರೆ ಊರಿನವರ ಮನಸ್ಸಿಗೆ ಬರುತ್ತಿದ್ದದ್ದು ಅದೇ. ಮದ್ರಾಸು ಪ್ರಾಂತ್ಯದಲ್ಲಿ ೧೯೪೭ರಲ್ಲಿ, ಕರ್ನಾಟಕದಲ್ಲಿ ೧೯೮೨ರಲ್ಲಿ, ಆಂಧ್ರ ಪ್ರದೇಶದಲ್ಲಿ ೧೯೮೮ರಲ್ಲಿ ಕಾನೂನುಗಳಾಗಿ ಹೆಣ್ಣುಮಕ್ಕಳನ್ನು ಹಾಗೆ ಬಿಡುವುದು ಅಪರಾಧವೆನಿಸಿತು. ಪದ್ಧತಿ ಹೋಗಬೇಕಾದದ್ದು ನ್ಯಾಯವೇ. ಆದರೆ ಪದ್ಧತಿಯ ಕೊಳೆಯನ್ನು ಕಲೆಯ ಮೇಲೆ ಒರಸುವುದು ನ್ಯಾಯವಲ್ಲ. ನಿಜ ಹೇಳಬೇಕೆಂದರೆ, ಊರು ಹೀಗಳೆದ ಆ ಹೆಣ್ಣುಮಕ್ಕಳಲ್ಲಿ ಅನೇಕರೇ ಹಾಡು ಹೆಜ್ಜೆಗಳನ್ನು ಜೋಪಾನವಾಗಿ ಉಳಿಸಿ ನಮ್ಮವರೆಗೆ ತಲುಪಿಸಿದವರು. ಅವರನ್ನು ನೆನೆದು ತಲೆಬಾಗಬೇಕೇ ಹೊರತು ಮೂಗು ಮುರಿಯಬಾರದು.

ಮೈಸೂರಿನ ಕೆ. ವೆಂಕಟಲಕ್ಷಮ್ಮನವರ ಹೆಸರನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ೧೯೦೬ರಲ್ಲಿ ಕಡೂರಿನ ಕಡೆಯ ಒಂದು ತಾಂಡಾದಲ್ಲಿ, ಲಂಬಾಣಿ ಕುಟುಂಬದಲ್ಲಿ ಹುಟ್ಟಿದವರು ಅವರು. ನಮ್ಮ ಸುತ್ತಣ ತಾಂಡಾಗಳಲ್ಲಿ ಇರುವವರೂ ಅದೇ ಜನ. ಎಂಟು ವರ್ಷದ ಹುಡುಗಿಯಾಗಿದ್ದಾಗ ಆಕೆಯನ್ನು ಅಜ್ಜ ಅಜ್ಜಿಯರು ಆಸ್ಥಾನದ ಹೆಸರಾಂತ ನರ್ತಕಿ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಬಿಟ್ಟರು. ಹನ್ನೆರಡನೆಯ ವಯಸ್ಸಿಗೆ ಆಕೆಯ ರಂಗಪ್ರವೇಶವಾಯಿತು. ಮುಂದೆ ಬಹುಕಾಲ ಮೈಸೂರಿನ ಆಸ್ಥಾನ ವಿದುಷಿಯಾಗಿದ್ದು, ೧೯೬೫ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ನೃತ್ಯ ವಿಭಾಗವನ್ನು ತೆರೆದಾಗ ಅಲ್ಲಿ ಪ್ರವಾಚಕರಾದರು. ೧೯೯೨ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದಿತು. ಆ ಅಜ್ಜ ಅಜ್ಜಿಯರು ‘ನಾಲ್ಕು ಜನ ಏನೆಂದಾರು?’ ಎಂದು ಹಿಂದೆಗೆದಿದ್ದರೆ ಮೈಸೂರು ಶೈಲಿಯ ಅಭಿನಯಕ್ಕೆ ಆಗುತ್ತಿದ್ದ ನಷ್ಟವೆಷ್ಟು ಎಂಬುದನ್ನು ಓದುಗರೇ ಊಹಿಸಲಿ.

ನಮ್ಮ ಪಕ್ಕದ ಬಳ್ಳಾರಿಯ ರಾಘವರನ್ನೂ ಇಲ್ಲಿ ನೆನೆಯಬೇಕು. ೧೮೮೦ರಿಂದ ೧೯೪೬ರವರೆಗೆ ಬಾಳಿದ ಅವರು ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ಮಹಾನಟರು. ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕೆಂದು ಅವರು ಹಟಹಿಡಿದರು.

ಗಂಡುಮಕ್ಕಳದೂ ಇಂಥದೇ ಇನ್ನೊಂದು ಕಷ್ಟ. ಹುಡುಗ ಗೆಜ್ಜೆ ಕಟ್ಟಿದರೆ ಗೆಳೆಯರು ನಗುತ್ತಾರೆ. ನಗುವವರಿಗೆ ಒಂದು ಮಾತು. ನಮ್ಮ ಆಂಧ್ರದ ಕೂಚಿಪೂಡಿ ಬಹುಕಾಲ ಗಂಡಸರೇ ಆಡುತ್ತಿದ್ದ ಆಟ. ಸತ್ಯಭಾಮೆಯ ಪಾತ್ರಕ್ಕೆ ಮನೆಮಾತಾಗಿದ್ದ ವೇದಾಂತಂ ಸತ್ಯನಾರಾಯಣ ಶರ್ಮರಿಗೆ ೧೯೭೦ರಲ್ಲಿ ಪದ್ಮಶ್ರೀ ದೊರೆಯಿತು. ಕೇರಳ ಕಲಾಮಂಡಲದಲ್ಲಿ ೨೦೨೧ರಲ್ಲಿ ಹುಡುಗಿಯರಿಗೆ ಕಥಕಳಿಯ ಬಾಗಿಲೂ, ೨೦೨೪ರಲ್ಲಿ ಹುಡುಗರಿಗೆ ಮೋಹಿನಿಯಾಟ್ಟದ ಬಾಗಿಲೂ ತೆರೆದವು. ಜಗತ್ತು ಬಾಗಿಲು ತೆರೆಯುತ್ತಿರುವಾಗ ನಾವು ಅಗುಳಿ ಹಾಕಿಕೊಂಡು ಕೂಡುವುದು ತರವೇ?

ಎರಡನೆಯ ಡೊಂಕು ಆತುರ. ಒಪ್ಪಿಕೊಂಡ ತಂದೆತಾಯಿಗಳಲ್ಲಿಯೂ ಕೆಲವರು ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಮಗು ಆರು ತಿಂಗಳು ಕಲಿತೊಡನೆ ಜರಿಯ ಉಡುಪು, ಬಣ್ಣ, ವೇದಿಕೆ, ಟೆಲಿವಿಷನ್ ಸ್ಪರ್ಧೆ! ಇದು ಕಲೆಯಲ್ಲ, ಜಾತ್ರೆ. ನೃತ್ಯವಿದ್ಯೆ ನಿಧಾನದ ವಿದ್ಯೆ. ಭರತನಾಟ್ಯ, ಕೂಚಿಪೂಡಿಗಳಲ್ಲಿ ಅಡವುಗಳೆಂಬ ಮೂಲ ಹೆಜ್ಜೆಗಳು ಮೂರು ಕಾಲಗಳಲ್ಲಿ ಹದಕ್ಕೆ ಬರಲು ವರ್ಷಗಳೇ ಬೇಕು. ಪಾಶ್ಚಾತ್ಯರ ಬ್ಯಾಲೆಯೂ ಹೀಗೆಯೇ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ೧೭೩೮ರಲ್ಲಿ ಆರಂಭವಾದ, ಇಂದು ವಗಾನೊವಾ ಅಕಾಡೆಮಿ ಎನ್ನಿಸಿಕೊಳ್ಳುವ ಶಾಲೆಯಲ್ಲಿ ಮಕ್ಕಳನ್ನು ಹತ್ತರ ಸುಮಾರಿನ ವಯಸ್ಸಿಗೆ ಆರಿಸಿಕೊಂಡು, ಎಂಟು ವರ್ಷ ದಿನದಿನವೂ ಪಳಗಿಸುತ್ತಾರೆ. ಓದುಬರಹದ ಪಾಠಗಳೂ ಜೊತೆಯಲ್ಲೇ ನಡೆಯುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಸರಿ. ಆದರೆ ಗಿಡವನ್ನು ಒಂದೇ ದಿನದಲ್ಲಿ ಬಗ್ಗಿಸಹೋದರೆ ಅದು ಮುರಿದುಹೋಗುತ್ತದೆ ಎಂಬುದೂ ಅಷ್ಟೇ ಸರಿ.

ಆದ್ದರಿಂದ ಮೊದಲು ಹುಡುಕಬೇಕಾದದ್ದು ವೇದಿಕೆಯನ್ನಲ್ಲ, ಗುರುವನ್ನು. ಒಳ್ಳೆಯ ಗುರುವನ್ನು ಗುರುತಿಸುವುದು ಕಷ್ಟವಲ್ಲ. ಆತ ಹಿರಿಯ ಶಿಷ್ಯರ ಪಾಠವನ್ನು ನೋಡಲು ನಿಮ್ಮನ್ನು ಕೂಡಗೊಡುತ್ತಾನೆ. ಮೊದಲ ವರ್ಷವೇ ರಂಗಪ್ರವೇಶದ ಆಸೆ ತೋರಿಸುವುದಿಲ್ಲ. ಮಗುವಿಗೆ ನೋವಾದರೆ ಕೂಡಿಸಿ ವಿಶ್ರಾಂತಿ ಕೊಡುತ್ತಾನೆ. ಶುಲ್ಕವೆಷ್ಟೆಂದು ಮೊದಲೇ ಬಾಯಿಬಿಟ್ಟು ಹೇಳುತ್ತಾನೆ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಗುರುಭಕ್ತಿ ಬೇರೆ, ಕಣ್ಣುಮುಚ್ಚಿಕೊಳ್ಳುವುದು ಬೇರೆ. ಮಗು ಪಾಠಕ್ಕೆ ಹೋಗಲು ಹೆದರಿದರೆ, ಮಂಕಾಗಿ ಕುಳಿತರೆ ಬೈಯದೆ ಕಾರಣ ಕೇಳಬೇಕು. ಮಕ್ಕಳ ರಕ್ಷಣೆಗಾಗಿ ೨೦೧೨ರಲ್ಲಿ ಪೋಕ್ಸೋ ಕಾನೂನೇ ಆಗಿದೆ. ೧೦೯೮ ಎಂಬ ದೂರವಾಣಿ ಸಂಖ್ಯೆ ಮಕ್ಕಳಿಗೆಂದೇ ಇದೆ. ಇದನ್ನು ಮಕ್ಕಳೂ ಬಾಯಿಪಾಠ ಮಾಡಿಕೊಂಡಿರಲಿ.

ಮೂರನೆಯ ಡೊಂಕು ಅಕ್ಷರಶಃ ನೆಲದ್ದೇ. ನಮ್ಮ ಶಾಲೆಗಳ ಕೋಣೆಗಳಿಗೆ ಸಿಮೆಂಟಿನ ನೆಲ ಅಥವಾ ಕಡಪ ಬಂಡೆಯ ನೆಲ. ಬರಿಗಾಲಿನಲ್ಲಿ ಅದರ ಮೇಲೆ ದಿನವೂ ತಟ್ಟಿ ಕುಣಿದರೆ ಹಿಮ್ಮಡಿ, ಮೊಣಕಾಲು, ಸೊಂಟಗಳಿಗೆ ಪೆಟ್ಟು ತಪ್ಪಿದ್ದಲ್ಲ. ಬ್ಯಾಲೆ ಕಲಿಸುವ ಕಡೆ ಕೆಳಗೆ ಸ್ವಲ್ಪ ಮಿಡಿಯುವಂಥ ಮರದ ಹಲಗೆಯ ನೆಲವನ್ನು ಹಾಸಿರುತ್ತಾರೆ. ಬೆರಳ ತುದಿಯ ಮೇಲೆ ನಿಲ್ಲುವ ಬಿರುಸಾದ ಪಾದರಕ್ಷೆಗಳನ್ನು, ಮೂಳೆ ಗಟ್ಟಿಯಾಗದ ಎಳೆಯ ಮಕ್ಕಳಿಗೆ ಒಳ್ಳೆಯ ಶಿಕ್ಷಕರು ಕೊಡುವುದೇ ಇಲ್ಲ; ಹನ್ನೊಂದು ಹನ್ನೆರಡು ವರ್ಷ ತುಂಬಲಿ ಎಂದು ಕಾಯುತ್ತಾರೆ. ಮರದ ನೆಲ ನಮಗೆಲ್ಲಿಂದ ಬರಬೇಕು? ಆದರೆ ನಮ್ಮಲ್ಲಿ ಅದಕ್ಕಿಂತ ಅಗ್ಗವಾದ ಉಪಾಯವಿದೆ: ಸಗಣಿ ಸಾರಿಸಿದ ಮಣ್ಣಿನ ನೆಲ. ಕಲ್ಲು ಆರಿಸಿ, ತಟ್ಟಿ, ಸಮಮಾಡಿದ ಒಂದು ಅಂಗಳ ಸಾಕು. ಅಜ್ಜಿಯರು ಕೋಲಾಟ ಆಡಿ ಮೊಣಕಾಲು ಉಳಿಸಿಕೊಂಡದ್ದು ಅಂಥ ನೆಲದ ಮೇಲೆಯೇ.

ಊಟದ ಮಾತೂ ಇಲ್ಲಿಯೇ ಬರುತ್ತದೆ. ನರ್ತಕಿ ತೆಳ್ಳಗಿರಬೇಕೆಂದು ಊಟ ಬಿಡಿಸುವವರುಂಟು. ಇದು ಶುದ್ಧ ಅವಿವೇಕ. ದಿನಕ್ಕೆ ಎರಡು ತಾಸು ಬೆವರು ಸುರಿಸುವ ಮಗುವಿಗೆ ಉಳಿದವರಿಗಿಂತ ಹೆಚ್ಚು ಆಹಾರ ಬೇಕು. ಅದೂ ಮೈನೆರೆಯುವ ವಯಸ್ಸಿನ ಹುಡುಗಿಯರಲ್ಲಿ ರಕ್ತಹೀನತೆ ಸುಲಭವಾಗಿ ತಲೆದೋರುತ್ತದೆ. ನವಣೆ, ರಾಗಿ, ಶೇಂಗಾ, ಬೆಲ್ಲ, ನುಗ್ಗೆಸೊಪ್ಪು, ಕಾಳುಗಳು, ಸಿಕ್ಕರೆ ಮೊಟ್ಟೆ ಹಾಲು ಇವೆಲ್ಲ ನಮ್ಮ ಊರಿನವೇ. ಪಟ್ಟಣದ ಡಬ್ಬಿಯ ಪುಡಿಗಳು ಬೇಡ. ನೋವಿನ ಮೇಲೆ ಕುಣಿಯುವುದು ಶೌರ್ಯವಲ್ಲವೆಂಬುದನ್ನೂ ಮಗುವಿಗೆ ತಿಳಿಸಬೇಕು. ಉಳುಕಿದ ಕಾಲಿಗೆ ವಿಶ್ರಾಂತಿ ಕೊಟ್ಟರೆ ಕೆಲವು ವಾರ ಹೋದೀತು. ಕೊಡದಿದ್ದರೆ ಕಾಲೇ ಹೋದೀತು.

ನಾಲ್ಕನೆಯ ಡೊಂಕು ಗಡಿಯದು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೂ, ಬಳ್ಳಾರಿಯೇ ಮೊದಲಾದವು ಮೈಸೂರಿನ ಕಡೆಗೂ ಹಂಚಿಹೋದವು. ಅಂದಿನಿಂದ ನಮ್ಮ ಮಕ್ಕಳ ಓದು ಕನ್ನಡದಲ್ಲಿ, ಕಚೇರಿ ತೆಲುಗಿನಲ್ಲಿ, ಮೇಲಿನ ಅರ್ಜಿಗಳು ಇಂಗ್ಲಿಷಿನಲ್ಲಿ. ಕಲಾಶಾಲೆಗೆ ಅರ್ಜಿ ಹಾಕುವಾಗ ಇದರ ತೊಡಕು ಗೊತ್ತಾಗುತ್ತದೆ. ಮಗುವಿನ ಹೆಸರು ಕನ್ನಡದ ಹಾಜರಿ ಪುಸ್ತಕದಲ್ಲಿ ಒಂದು ರೀತಿ, ತೆಲುಗಿನ ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ, ಆಧಾರ್ ಕಾರ್ಡಿನಲ್ಲಿ ಮೂರನೆಯ ರೀತಿ. ಆಯ್ಕೆ ಪರೀಕ್ಷೆಗೆ ಮೂರು ದಿನವಿರುವಾಗ ಇದನ್ನು ತಿದ್ದಿಸಲು ಓಡಾಡುವುದಕ್ಕಿಂತ, ಎಂಟನೆಯ ತರಗತಿಯಲ್ಲಿಯೇ ಹೆಸರು, ಜನ್ಮದಿನಾಂಕ, ಜಾತಿ ಮತ್ತು ಆದಾಯದ ಪತ್ರಗಳನ್ನು ಒಂದೇ ರೀತಿ ಮಾಡಿಸಿ ಒಂದು ಚೀಲದಲ್ಲಿ ಇಟ್ಟುಕೊಳ್ಳುವುದು ಜಾಣತನ. ಹೆಜ್ಜೆ ತಪ್ಪಿ ಹಿಂದೆ ಬಂದರೆ ಬೇಸರವಿಲ್ಲ. ಕಾಗದ ತಪ್ಪಿ ಹಿಂದೆ ಬರಬಾರದು.

ಗಡಿಯಲ್ಲಿರುವುದರಿಂದ ಒಂದು ಲಾಭವೂ ಇದೆ. ಒಳನಾಡಿನವರಿಗೆ ಒಂದು ಬಾಗಿಲಾದರೆ ನಮಗೆ ಹಲವು. ಜಿಲ್ಲೆಯ ಮುಖ್ಯಪಟ್ಟಣವಾದ ಕರ್ನೂಲಿನಲ್ಲಿ ಸರಕಾರಿ ಸಂಗೀತ ಕಲಾಶಾಲೆಯಿದೆ. ಬಳ್ಳಾರಿಯ ಕಡೆಗೆ ಹೋದರೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳ ಕರ್ನಾಟಕದ ಪರೀಕ್ಷೆಗಳಿಗೆ ಸಿದ್ಧಪಡಿಸುವ ಗುರುಗಳು ಸಿಗುತ್ತಾರೆ. ರುಕ್ಮಿಣೀದೇವಿ ಅರುಂಡೇಲ್ ೧೯೩೬ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ, ೧೯೯೩ರ ಸಂಸತ್ತಿನ ಕಾನೂನಿನಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆ ಎನಿಸಿದ ಕಲಾಕ್ಷೇತ್ರ ಇದೆ. ಕವಿ ವಳ್ಳತ್ತೋಳರು ೧೯೩೦ರಲ್ಲಿ ಕಟ್ಟಿದ ಕೇರಳ ಕಲಾಮಂಡಲಕ್ಕೆ ಎಂಟನೆಯ ತರಗತಿಯಿಂದಲೇ ಸೇರಬಹುದು. ಆದರೆ ಅಲ್ಲಿಯ ಮಾತು ಮಲಯಾಳ. ಹೆಜ್ಜೆಯ ಜೊತೆಗೆ ಮಾತಿನ ಒಲವೂ ಇರುವ ಮಕ್ಕಳಿಗೆ, ಕೆ. ವಿ. ಸುಬ್ಬಣ್ಣನವರು ೧೯೮೦ರಲ್ಲಿ ಹೆಗ್ಗೋಡಿನಲ್ಲಿ ಆರಂಭಿಸಿದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಅಲ್ಲಿ ಕಲಿಕೆಯೆಲ್ಲ ಕನ್ನಡದಲ್ಲೇ. ಉಡುಪಿಯಲ್ಲಿ ಯಕ್ಷಗಾನ ಕಲಿಸುವ ಕೇಂದ್ರವಿದೆ. ಬ್ಯಾಲೆ ಎಂಬ ಮಾತು ಕನ್ನಡಿಗರಿಗೆ ಪರಿಚಿತವಾದದ್ದೇ ಬಹುಮಟ್ಟಿಗೆ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯಿಂದ ಅಲ್ಲವೇ? ಬೆಂಗಳೂರಿನ ಮಲ್ಲೇಶ್ವರದಲ್ಲಿ ೧೯೨೮ರಲ್ಲಿ ಹುಟ್ಟಿದ ಮಾಯಾ ರಾವ್ ಕಥಕ್ ಕಲಿತು, ಮಾಸ್ಕೋಗೆ ಹೋಗಿ ನೃತ್ಯ ಸಂಯೋಜನೆಯನ್ನು ಅಭ್ಯಾಸಮಾಡಿ ಬಂದು, ೧೯೮೭ರಲ್ಲಿ ತಮ್ಮ ಶಾಲೆಯನ್ನು ಬೆಂಗಳೂರಿಗೆ ತಂದರು. ಕನ್ನಡದ ಮಗುವಿಗೆ ಯಾವ ದಾರಿಯೂ ತೀರ ಹೊಸದಲ್ಲ.

ಪ್ರತಿಯೊಂದು ಕಡೆಯೂ ವಯಸ್ಸಿನ ಮಿತಿ, ಓದಿನ ಅರ್ಹತೆ, ಅರ್ಜಿಯ ಕಾಲ ಬೇರೆ ಬೇರೆ. ಆ ವರ್ಷದ ಪ್ರಕಟಣೆಯನ್ನು ತರಿಸಿ, ಅರ್ಥವಾಗದ ಸಾಲನ್ನು ಉಪಾಧ್ಯಾಯರಿಂದ ಓದಿಸಿಕೊಳ್ಳಬೇಕು. ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಪ್ರತಿಭಾವಂತ ಮಕ್ಕಳಿಗಾಗಿ ಕೇಂದ್ರ ಸರಕಾರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರದ ವಿದ್ಯಾರ್ಥಿವೇತನವೊಂದು ೧೯೮೨ರಲ್ಲಿ ಆರಂಭವಾಯಿತು. ಪರಂಪರೆಯಿಂದ ಕಲೆಯನ್ನೇ ನಂಬಿದ ಮನೆಗಳ ಮಕ್ಕಳಿಗೆ ಅದರಲ್ಲಿ ಒಂದು ಪಾಲನ್ನು ತೆಗೆದಿರಿಸಲಾಗಿದೆ. ನಮ್ಮ ಕಡೆ ಬಯಲಾಟದವರ, ಭಜನೆಯವರ ಮನೆಗಳೇನು ಕಡಿಮೆಯೇ? ಕೇಳದವರಿಗೆ ತಾಯಿಯೂ ಹಾಲೂಡುವುದಿಲ್ಲ.

ಇನ್ನು ಆಯ್ಕೆ ಪರೀಕ್ಷೆಯ ದಿನ. ಮಕ್ಕಳು ಇದನ್ನು ಹುಲಿಯ ಗವಿಯೆಂದು ತಿಳಿದು ನಡುಗುತ್ತಾರೆ. ಅಲ್ಲಿ ಪರೀಕ್ಷಕರು ನೋಡುವುದು ಉಡುಪನ್ನಲ್ಲ, ಕಲಿಯುವ ಯೋಗ್ಯತೆಯನ್ನು. ಸಾಮಾನ್ಯವಾಗಿ ಗುರುಗಳು ಒಂದು ತಾಳವನ್ನು ತಟ್ಟಿ ಮಗುವಿಗೆ ತಟ್ಟಲು ಹೇಳುತ್ತಾರೆ. ಹಿಂದೆಂದೂ ನೋಡದ ಒಂದು ಹೆಜ್ಜೆಯನ್ನು ತೋರಿಸಿ ಮಾಡೆನ್ನುತ್ತಾರೆ. ಕೈಕಾಲುಗಳ ಮಣಿತ, ನಿಲುವು, ಶ್ರುತಿಜ್ಞಾನಗಳನ್ನು ಗಮನಿಸುತ್ತಾರೆ. ಬಂದದ್ದನ್ನು ಸ್ವಲ್ಪ ಮಾಡಿ ತೋರಿಸೆನ್ನುತ್ತಾರೆ. ಏಕೆ ಕಲಿಯಬೇಕೆಂದಿರುವೆ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಗೆ ತಂದೆ ಬರೆದುಕೊಟ್ಟ ಉತ್ತರವನ್ನು ಒಪ್ಪಿಸಿದ ಮಗು ಆಗಲೇ ಅರ್ಧ ಸೋತಂತೆ. ತನ್ನ ಮಾತಿನಲ್ಲಿ, ಮುರುಕು ಇಂಗ್ಲಿಷಾದರೂ ತೆಲುಗಾದರೂ ಚಿಂತೆಯಿಲ್ಲ, ನಿಜವನ್ನು ಹೇಳಲಿ.

ತಂದೆತಾಯಿಗಳು ಮಾಡಬೇಕಾದದ್ದು ಇಷ್ಟೆ. ಸಾಧ್ಯವಾದರೆ ಹಿಂದಿನ ದಿನವೇ ಆ ಊರನ್ನು ಸೇರಿ ಮಗುವಿಗೆ ನಿದ್ದೆ ಮಾಡಿಸುವುದು. ಎರಡು ತಾಸು ಮೊದಲೇ ಹಗುರವಾಗಿ ಉಣಿಸುವುದು. ಮೈ ಬೆಚ್ಚಗಾಗುವಂತೆ ಸ್ವಲ್ಪ ವ್ಯಾಯಾಮ ಮಾಡಲು ಸಮಯ ಕೊಡುವುದು. ಹಳೆಯದಾದರೂ ಅಭ್ಯಾಸವಾದ, ಸಡಿಲವಲ್ಲದ ಬಟ್ಟೆಯನ್ನೇ ಉಡಿಸುವುದು. ಬೇರೆ ಮಕ್ಕಳೊಂದಿಗೆ ಹೋಲಿಸದಿರುವುದು. ಬಾಗಿಲಾಚೆ ಸುಮ್ಮನೆ ಕಾಯುವುದು. ಹೊರಗೆ ಬಂದ ಮಗುವಿಗೆ ಮೊದಲು ನೀರು, ಆಮೇಲೆ ಊಟ, ಅದಾದ ಮೇಲೆ ಬೇಕಾದರೆ ಮಾತು. ‘ಎಷ್ಟು ದುಡ್ಡು ಖರ್ಚಾಯಿತು ಗೊತ್ತೇ?’ ಎಂಬ ಮಾತು ಮಾತ್ರ ಆ ದಿನವೂ ಬೇಡ, ಎಂದೂ ಬೇಡ.

ಆಯ್ಕೆಯಾಗದೆ ಹೋದರೆ? ಹಾಗಾಗುವ ಸಂಭವವೇ ಹೆಚ್ಚು. ಸ್ಥಾನಗಳು ಕೆಲವು, ಮಕ್ಕಳು ಬಹಳ. ಇಲ್ಲಿ ಒಂದು ನಿಜವಾದ ವೃತ್ತಾಂತವನ್ನು ಹೇಳುತ್ತೇವೆ. ರಷ್ಯಾದಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ ಬಡ ಹೆಂಗಸೊಬ್ಬಳಿಗೆ ೧೮೮೧ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಮಗು ಬಲು ದುರ್ಬಲ. ತಾಯಿ ಅದನ್ನು ಒಮ್ಮೆ ಬ್ಯಾಲೆ ನೋಡಲು ಕರೆದೊಯ್ದಳು. ಮಗು ಅದನ್ನೇ ಕಲಿಯುವೆನೆಂದು ಹಟಹಿಡಿಯಿತು. ಒಂಬತ್ತನೆಯ ವಯಸ್ಸಿನಲ್ಲಿ ಚಕ್ರವರ್ತಿಯ ಬ್ಯಾಲೆ ಶಾಲೆಗೆ ಕರೆದೊಯ್ದಾಗ, ವಯಸ್ಸು ಸಾಲದು, ಮೈಯೂ ಬಡಕಲು ಎಂದು ಹಿಂದಕ್ಕೆ ಕಳಿಸಿದರು. ತಾಯಿ ಮಗುವನ್ನು ಬೈಯಲಿಲ್ಲ, ಆಸೆಯನ್ನೂ ಬಿಡಿಸಲಿಲ್ಲ. ಮುಂದೆ ೧೮೯೧ರಲ್ಲಿ ಅದೇ ಬಾಗಿಲು ತೆರೆಯಿತು. ಆ ಮಗುವೇ ಜಗತ್ಪ್ರಸಿದ್ಧ ನರ್ತಕಿ ಅನ್ನಾ ಪಾವ್ಲೋವಾ. ಅವಳಿಂದ ಬ್ಯಾಲೆಯ ಒಲವು ಹತ್ತಿಸಿಕೊಂಡ ರುಕ್ಮಿಣೀದೇವಿಗೆ, ನಿಮ್ಮ ದೇಶದ ನೃತ್ಯವನ್ನೇ ಹುಡುಕಿರಿ ಎಂದು ಬುದ್ಧಿ ಹೇಳಿದವಳೂ ಅವಳೇ. ಆ ಮಾತಿನ ಫಲ ಮದರಾಸಿನ ಕಲಾಕ್ಷೇತ್ರ. ಎಲ್ಲಿಯ ಅಗಸಗಿತ್ತಿ, ಎಲ್ಲಿಯ ಅಡಿಯಾರು! ತಾಯಿಯೊಬ್ಬಳ ತಾಳ್ಮೆ ಎಷ್ಟು ದೂರ ಹರಿಯುತ್ತದೆಂಬುದನ್ನು ನೋಡಿ.

ನಮ್ಮ ಕಾಲದ ಮಾತನ್ನೇ ಹೇಳುವುದಾದರೆ, ದೆಹಲಿಯ ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್ ಹದಿನೇಳನೆಯ ವಯಸ್ಸಿಗೆ, ಅಂದರೆ ಬಹಳ ತಡವಾಗಿ, ಬ್ಯಾಲೆ ಕಲಿಯಲು ತೊಡಗಿದ. ಗುರು ಫರ್ನಾಂಡೊ ಅಗಿಲೇರಾ ಶುಲ್ಕವಿಲ್ಲದೆ ಕಲಿಸಿದರು. ೨೦೨೦ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಯಲ್ಲಿ ಸ್ಥಾನ ದೊರೆತಾಗ, ಹಣವನ್ನು ಸಾರ್ವಜನಿಕರು ಕೂಡಿಸಿಕೊಟ್ಟರು. ಹುಡುಗನ ಶ್ರಮವೊಂದೇ ಸಾಲಲಿಲ್ಲ. ಒಬ್ಬ ಗುರುವೂ ಹಲವು ಅಪರಿಚಿತರೂ ನೆಲವನ್ನು ಸಮಮಾಡಿದರು.

ಇಂಥ ಕಥೆಗಳನ್ನು ಕೇಳಿ ಎಲ್ಲರೂ ಪಾವ್ಲೋವಾ ಆಗುತ್ತಾರೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಕಲಿತವರಲ್ಲಿ ಬೆರಳೆಣಿಕೆಯವರು ಮಾತ್ರ ರಂಗದ ಮೇಲೆ ಬೆಳಗುತ್ತಾರೆ. ಉಳಿದವರು ನೃತ್ಯ ಶಿಕ್ಷಕರಾಗಿ, ನಾಟಕದ ತಂಡಗಳಲ್ಲಿ, ಬೆಳಕು ಬಣ್ಣಗಳ ಕೆಲಸದಲ್ಲಿ ಬದುಕು ಕಂಡುಕೊಳ್ಳುತ್ತಾರೆ. ಕೆಲವರು ಬೇರೆ ವೃತ್ತಿಗೆ ಹೋಗುತ್ತಾರೆ. ಆದುದರಿಂದ ಹತ್ತನೆಯ ತರಗತಿಯನ್ನು ಬಿಟ್ಟು ಗೆಜ್ಜೆ ಕಟ್ಟಬೇಡಿ. ಓದು ಒಂದು ಕಾಲು, ಕಲೆ ಇನ್ನೊಂದು ಕಾಲು. ಒಂಟಿಕಾಲಿನಲ್ಲಿ ಬಹಳ ಹೊತ್ತು ನಿಲ್ಲಲು ನಟರಾಜನಿಗೆ ಮಾತ್ರ ಸಾಧ್ಯ. ಮಗುವೇ ಒಂದು ದಿನ ಸಾಕೆಂದರೆ ಅದನ್ನೂ ಗೌರವಿಸಬೇಕು. ಕಲಿತ ತಾಳ, ನೆಟ್ಟಗಿನ ಬೆನ್ನು, ನಾಲ್ಕು ಜನರೆದುರು ಅಂಜದೆ ನಿಲ್ಲುವ ಧೈರ್ಯ ಇವು ಎಲ್ಲಿಗೆ ಹೋದರೂ ಜೊತೆಗಿರುತ್ತವೆ.

ಕೊನೆಯದಾಗಿ, ಆಗಬೇಕಾದ ಕೆಲಸದ ಮಾತು. ದಸರಾ ದೀಪಾವಳಿ ಕಳೆದ ಮೇಲೆ ಗುಳೆ ಹೋಗುವ ಮನೆಗಳ ಮಕ್ಕಳು ಶಾಲೆಯನ್ನೂ ಬಿಡುತ್ತಾರೆ, ಅಭ್ಯಾಸವನ್ನೂ ಬಿಡುತ್ತಾರೆ. ನಾಲ್ಕು ತಿಂಗಳು ನಿಂತ ಕಾಲು ಮತ್ತೆ ಮೊದಲಿನಿಂದ ತೊಡಗಬೇಕು. ವಲಸೆ ಹೋಗುವವರ ಮಕ್ಕಳಿಗಾಗಿ ಋತುಕಾಲದ ವಸತಿ ಏರ್ಪಾಡುಗಳಿವೆ, ಹೆಣ್ಣುಮಕ್ಕಳಿಗೆ ಕಸ್ತೂರಬಾ ಬಾಲಿಕಾ ವಿದ್ಯಾಲಯಗಳಿವೆ. ಮಗುವನ್ನು ಹೊಲದ ಬದುವಿಗೆ ಕರೆದೊಯ್ಯುವ ಮೊದಲು ಅವನ್ನು ವಿಚಾರಿಸಬೇಕೆಂದು ಪಾಲಕರಲ್ಲಿ ನಮ್ಮ ಕಳಕಳಿಯ ವಿನಂತಿ. ಅಜ್ಜಿಯೋ ಚಿಕ್ಕಮ್ಮನೋ ಊರಿನಲ್ಲೇ ಉಳಿಯುವುದಾದರೆ ಮಗು ಅವರ ಬಳಿ ಇರಲಿ.

ನಮ್ಮ ಶಾಲೆಗಳು ಎರಡು ಕೆಲಸ ಮಾಡಬಹುದು. ಸಂಜೆ ಒಂದು ತಾಸು ಒಂದು ಅಂಗಳವನ್ನು ಸಮಮಾಡಿ ಅಭ್ಯಾಸಕ್ಕೆ ಬಿಟ್ಟುಕೊಡುವುದು ಒಂದು. ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಹಾಕುವ ಹಾರ, ಶಾಲು, ಪೇಟಗಳ ಖರ್ಚಿನಲ್ಲಿ ಅರ್ಧವನ್ನು ಉಳಿಸಿ, ‘ಬಸ್ಸಿನ ಹುಂಡಿ’ ಎಂಬ ಒಂದು ಡಬ್ಬಿಯಲ್ಲಿ ಹಾಕುವುದು ಇನ್ನೊಂದು. ವರ್ಷಕ್ಕೆ ಒಂದು ಮಗುವಾದರೂ ಒಬ್ಬ ಹಿರಿಯರ ಜೊತೆ ಕರ್ನೂಲಿಗೋ ಬಳ್ಳಾರಿಗೋ ಮದರಾಸಿಗೋ ಆಯ್ಕೆ ಪರೀಕ್ಷೆಗೆ ಹೋಗಿಬರಲು ಅದು ಸಾಕಾಗುತ್ತದೆ. ಬಾಡಿಹೋಗುವ ಹೂವಿಗಿಂತ ನಡೆಯುವ ಕಾಲಿಗೆ ಹಾಕಿದ ಹಣ ಮೇಲಲ್ಲವೇ? ಬರುವ ಅತಿಥಿಗಳೂ ಇದಕ್ಕೆ ಬೇಸರಪಡಲಾರರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರ ಕಾಲು ತಾಳ ಕೇಳಿದೊಡನೆ ಸುಮ್ಮನಿರಲಾರದೋ ಅವರು ಹೆದರದೆ ನಿಮ್ಮ ಗುರುಗಳಿಗೆ ಹೇಳಿರಿ. ಪಾಲಕರೇ, ಆ ಮಗು ನಿಮ್ಮ ಬಳಿ ಬಂದಾಗ ಬೇಡವೆನ್ನುವ ಮೊದಲು ಒಂದು ದಿನ ಕಾದು ಯೋಚಿಸಿರಿ. ನೆಲವನ್ನು ಹದಮಾಡುವುದು ನಮ್ಮೆಲ್ಲರ ಪಾಲಿನ ಕೆಲಸ. ಅದಾದ ಮೇಲೂ ಯಾರಾದರೂ ನೆಲ ಡೊಂಕು ಎಂದರೆ, ಆಗ ಬೇಕಾದರೆ ಗಾದೆಯನ್ನು ಹೇಳೋಣ.